ಸಟನ್ನಿನಲ್ಲಿ ತಂಗಿಯ ಚುನಾವಣೆ

ಸ್ಟ್ಯಾನ್ಮೋರಿನ ನೆಂಟರ ಮನೆಯಲ್ಲಿ ಊಟ ಮುಗಿಸಿ ಹೊರಟೆ. ಬ್ಯಾಂಕಿನ ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು, ಟಿಕೆಟ್ಟಿನ ತಾಪತ್ರಯವಿಲ್ಲ. ಜುಬಿಲಿ ಲೈನಿನಲ್ಲಿ ವೆಸ್ಟ್ ಹ್ಯಾಂಪ್‌ಸ್ಟೆಡ್‌ವರೆಗೆ ಬಂದು ಇನ್ನೊಂದು ರೈಲು ಹಿಡಿದೆ. ಅದು ನದಿ ದಾಟಿ, ಜನರ ಹಿತ್ತಿಲುಗಳನ್ನು ಇಣುಕಿ ನೋಡುತ್ತಾ, ಆರಾಮವಾಗಿ ಸಟನ್ನಿಗೆ ತಂದು ಬಿಟ್ಟಿತು. ಮೋಡವಿತ್ತು, ಮಳೆಯಿರಲಿಲ್ಲ. ಲಂಡನ್ನಿನ ಮಟ್ಟಿಗೆ ಒಳ್ಳೆಯ ದಿನ.

ಸ್ಟೇಷನ್ನಿನಲ್ಲಿ ತಂಗಿ ಸುಮತಿ ಕಾಯುತ್ತಿದ್ದಳು. ಇಲ್ಲಿನ ಆಸ್ಪತ್ರೆಯಲ್ಲಿ ಅವಳು ನರ್ಸ್. ಮನೆಗೆ ಹೋಗುವ ಕಾಲುದಾರಿಯ ಎರಡೂ ಕಡೆ ಎತ್ತರದ ಬೇಲಿ, ದೀಪ ಕೆಟ್ಟಿದೆ. ಡ್ಯೂಟಿ ಮುಗಿಸಿ ಬರುತ್ತಿದ್ದ ಅವಳ ಗೆಳತಿಯರ ಬ್ಯಾಗುಗಳನ್ನು ಕಳ್ಳರು ಕಿತ್ತುಕೊಂಡು ಓಡಿದ್ದು ಇಲ್ಲೇ. ಹಾಡುಹಗಲಲ್ಲೂ ಸುಮತಿ ಬ್ಯಾಗನ್ನು ಎದೆಗವಚಿಕೊಂಡೇ ನಡೆದಳು. ನನಗೆ ಸಿಟ್ಟು ಬಂತು.

ಬಡಾವಣೆಯ ಸುರಕ್ಷತಾ ಸಮಿತಿಯ ಅಧ್ಯಕ್ಷರು ಹೇಳಿದ ಕಡೆ ಪೊಲೀಸರು ಗಸ್ತು ತಿರುಗುತ್ತಾರಂತೆ. ಇಷ್ಟು ದಿನ ಮೇಲಿನ ಅಧಿಕಾರಿಗಳೇ ಒಬ್ಬರನ್ನು ಅಧ್ಯಕ್ಷರಾಗಿ ನೇಮಿಸುತ್ತಿದ್ದರು. ಆ ಮಹಾಶಯರಿಗೆ ತಮ್ಮ ಗೇಟಿನೆದುರು ಯಾರು ಕಾರು ನಿಲ್ಲಿಸಿದರು ಎಂಬುದೇ ಲೋಕದ ಚಿಂತೆ. ಜನ ಹಟ ಹಿಡಿದು ಈ ಸಲ ಚುನಾವಣೆಯನ್ನೇ ತಂದಿದ್ದರು. ಸುಮತಿಯೇ ನಿಲ್ಲಬೇಕೆಂದು ಪಕ್ಕದ ಮನೆಯ ಜೋನ್ ಅಜ್ಜಿಯ ಪಟ್ಟು. ಸುಮತಿಗೂ ಆಸೆಯಿತ್ತು, ವಾರದಿಂದ ಕನ್ನಡಿಯೆದುರು ಭಾಷಣ ಮಾಡುತ್ತಿದ್ದಳು.

ಸಂಜೆ ಚರ್ಚಿನ ಸಭಾಂಗಣದಲ್ಲಿ ಸಭೆ. ಚಹಾ, ಬಿಸ್ಕತ್ತು, ನಾವು ಒಯ್ದ ಗೋಳಿಬಜೆ. ಗೋಳಿಬಜೆ ಮೊದಲು ಖಾಲಿಯಾಯಿತು. ಹಳೆಯ ಅಧ್ಯಕ್ಷರು ತಾವೇ ಮತ್ತೆ ನಿಲ್ಲುವುದಾಗಿ ಕೈ ಎತ್ತಿದರು. ಜೋನ್ ಅಜ್ಜಿ ಎದ್ದು ಸುಮತಿಯ ಹೆಸರು ಹೇಳಿದರು.

"ನೀವು ಒಪ್ಪುತ್ತೀರಾ?" ಎಂದು ಸಭೆ ನಡೆಸುತ್ತಿದ್ದ ಹೆಂಗಸು ಕೇಳಿದರು.

"ಅಯ್ಯೋ, ನನಗೆ ಬೇಡ, ಬೇರೆ ಯಾರಾದರೂ ಆಗಲಿ," ಎಂದಳು ಸುಮತಿ, ಚೆಂದದ ಇಂಗ್ಲಿಷಿನಲ್ಲಿ.

"ಸರಿ, ಧನ್ಯವಾದ," ಎಂದು ಆಕೆ ಮುಂದಿನವರ ಕಡೆ ತಿರುಗಿಯೇಬಿಟ್ಟರು!

ಸುಮತಿಯ ಮುಖ ಸಪ್ಪೆಯಾಯಿತು. "ಎಂತ ಅಕ್ಕ ಇದು! ಒಂದ್ ಸಲ ಬ್ಯಾಡ ಅಂದದ್ದಕ್ಕೆ ಬಿಟ್ಟೇ ಬಿಟ್ರಲ್ಲ!"

"ಮತ್ತೆಂತ, ನಿನ್ನ ಕಾಲು ಹಿಡಿತ್ರಾ ಮಾರಾಯ್ತಿ?" ಎಂದು ಬೈದು, ಓಟಿಲ್ಲದ ನಾನೇ ಎದ್ದು ನಿಂತೆ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: "ನಾವು ಕುಂದಾಪುರದವರು. ನಮ್ಮಲ್ಲಿ ಮೊದಲನೆಯ 'ಬೇಡ' ಬರೀ ಮರ್ಯಾದೆಗೆ. ಬಡಿಸುವವರು ಅದನ್ನು ನಂಬಿ ಮುಂದೆ ಹೋದರೆ ನೆಂಟರು ಹಸಿದುಕೊಂಡೇ ಮನೆಗೆ ಹೋಗಬೇಕು. ದಯವಿಟ್ಟು ಇನ್ನೊಮ್ಮೆ ಕೇಳಿ."

ಸಭೆಯೆಲ್ಲ ನಗೆಯಲ್ಲಿ ಮುಳುಗಿತು. ಆಕೆ ಮತ್ತೆ ಕೇಳಿದರು. ಈಗ ಸುಮತಿ ಎದ್ದು, "ನಿಲ್ಲುತ್ತೇನೆ. ಆ ಕಾಲುದಾರಿಯಲ್ಲಿ ನಾವು ಹೆದರದೆ ನಡೆಯಬೇಕು," ಎಂದಳು. ಕನ್ನಡಿಯ ಭಾಷಣವೆಲ್ಲ ಮರೆತೇಹೋಗಿತ್ತು. ಸುಮತಿಯ ಪರ ಕೈ ಎತ್ತುವ ಹೊತ್ತಿಗೆ ಸಭಾಂಗಣದ ತುಂಬ ಕೈಗಳು. ಹಳೆಯ ಅಧ್ಯಕ್ಷರ ಹೆಂಡತಿಯ ಕೈಯೂ ಮೇಲಿತ್ತು! ನಾನು ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ, ಕಣ್ಣೂ ತುಂಬಿತ್ತು.

ಬೇಸಿಗೆಯಾದ್ದರಿಂದ ಹೊರಗಿನ್ನೂ ಬೆಳಕಿತ್ತು. ನನ್ನನ್ನು ರೈಲು ಹತ್ತಿಸಲು ಸುಮತಿ, ಜೋನ್ ಅಜ್ಜಿ, ಸಭೆಗೆ ಬಂದಿದ್ದ ಪೊಲೀಸ್ ಹುಡುಗಿ ಎಲ್ಲರೂ ಅದೇ ಕಾಲುದಾರಿಯಲ್ಲಿ ನಡೆದೆವು.

"ಗಸ್ತು ಎಲ್ಲಿಂದ ಶುರು ಮಾಡಲಿ, ಅಧ್ಯಕ್ಷರೇ?" ಎಂದಳು ಪೊಲೀಸ್ ಹುಡುಗಿ.

"ಇಲ್ಲಿಂದಲೇ," ಎಂದಳು ಸುಮತಿ. ಒಂದೇ ಸಲ ಕೇಳಿದ್ದು ಸಾಕಾಯಿತು.

ರೈಲು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಮೂವರೂ ಹರಟುತ್ತಾ ಕಾಲುದಾರಿಯತ್ತ ಹೊರಟಿದ್ದರು. ಸುಮತಿಯ ಬ್ಯಾಗು ಎದೆಯಿಂದಿಳಿದು ಹೆಗಲಿನಲ್ಲಿ ತೂಗಾಡುತ್ತಿತ್ತು.