ಹಿಂದೆ ಬರುವವನ ಟ್ರೈಲರು

ನಾವು ಸಿನಿಮಾ ಮಾಡಲು ಹೊರಟವರಲ್ಲ, ಟ್ರೈಲರು ಮಾಡಲು ಹೊರಟವರು. ಹೀಗೆಂದರೆ ಈಗಲೂ ಜನ ನಗುತ್ತಾರೆ, ಸಿನಿಮಾನೇ ಇಲ್ಲದೆ ಟ್ರೈಲರು ಎಲ್ಲಿಂದ ಬಂತು ಎನ್ನುತ್ತಾರೆ. ಕಾರಣ ಬಹಳ ಸರಳ. ನಮ್ಮ ಕೈಗೆ ಸಿಕ್ಕಿದ್ದು ಒಂದೇ ಒಂದು ರೀಲು, ಅದು ಓಡುತ್ತಿದ್ದುದು ಮೂರು ಚಿಲ್ಲರೆ ನಿಮಿಷ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮ ತರಗತಿಯ ಒಬ್ಬ ಹುಡುಗನ ತಂದೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆಗಳನ್ನು ಸಿನಿಮಾದಂತೆ ತೆಗೆಯುವ ಆಸೆಯಿಂದ ಬೊಂಬಾಯಿಯಿಂದ ಒಂದು ಪುಟ್ಟ ಕ್ಯಾಮೆರಾ ತರಿಸಿದ್ದರು. ಕೀಲಿ ತಿರುಗಿಸಿದರೆ ಗುಂಯ್ ಎಂದು ಓಡುತ್ತಿತ್ತು. ಅದಕ್ಕೆ ಚಿತ್ರ ಮಾತ್ರ ಬರುತ್ತಿತ್ತು, ಶಬ್ದ ಹಿಡಿಯಲು ಬರುತ್ತಿರಲಿಲ್ಲ. ಯಾವುದೋ ಮದುವೆಯಲ್ಲಿ ಉಳಿದಿದ್ದ ರೀಲನ್ನು ಮಗನ ಕಾಟ ತಡೆಯಲಾಗದೆ ಅವನಿಗೆ ಕೊಟ್ಟುಬಿಟ್ಟಿದ್ದರು. ಹಿರಿಯೂರಿನಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಇನ್ನೊಬ್ಬ ಹುಡುಗ ಟಾಕೀಸಿನಲ್ಲಿ ‘ಮುಂದಿನ ಬದಲಾವಣೆ’ ಎಂದು ತೋರಿಸುವ ತುಣುಕುಗಳ ಪರಮ ಭಕ್ತ. “ಲೇ, ಸಿನಿಮಾಕ್ಕಿಂತ ಟ್ರೈಲರೇ ಚಂದ ಇರ್ತೈತೆ. ಹೆದರಿಸೋ ಅಂಥದ್ದು ಒಂದು ಮಾಡಿ ಕಾಲೇಜ್ ಡೇ ದಿನ ತೋರ್ಸಾಣ” ಎಂದು ಅವನೇ ಮೊದಲು ಹೇಳಿದ. ಬರೆಯುವವರು ಬೇಕಾಗಿತ್ತು. ನಾನು ಗೋಡೆಪತ್ರಿಕೆಗೆ ಕತೆ ಬರೆಯುತ್ತಿದ್ದೆನಲ್ಲ, ಹುಡುಗಿಯಾದರೂ ನನ್ನನ್ನು ಕರೆದರು.

ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಮೂವರೂ ಕೂತೆವು. ಜೊತೆಗೆ ಹೊಳಲ್ಕೆರೆಯ ನನ್ನ ಗೆಳತಿಯೂ ಇದ್ದಳು. ಹುಡುಗರ ತಲೆಯಲ್ಲಿ ಇದ್ದದ್ದು ಬಿಳಿ ಸೀರೆ, ಬಿಚ್ಚಿದ ಕೂದಲು, ಪಾಳುಬಾವಿ. ನಾನು ಅದೆಲ್ಲ ಬೇಡ ಎಂದೆ. ಒಬ್ಬ ಹುಡುಗಿ ಹೋಗುತ್ತಿರುತ್ತಾಳೆ, ಹಿಂದೆ ಒಬ್ಬ ಬರುತ್ತಾನೆ, ಅಷ್ಟು ಸಾಕು ಎಂದೆ.

“ಬರೀ ಹಿಂದೆ ಬಂದ್ರೆ ಯಾರು ಹೆದರ್ತಾರ್ರಿ?” ಎಂದ ಸ್ಟುಡಿಯೋ ಹುಡುಗ.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಟನಿ ರೆಕಾರ್ಡಿನ ಹಿಂದಿನ ಹಾಳೆಗಳಲ್ಲಿ ಬರೆದಿದ್ದನ್ನು ಒಂದೊಂದಾಗಿ ಓದಿದೆ. ಹುಡುಗಿ ಬಸ್ಸಿಳಿಯುತ್ತಾಳೆ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಎರಡು ಚಪ್ಪಲಿ ಕಾಲು. ಅವಳು ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ನಿಲ್ಲುತ್ತಾಳೆ, ಆ ಕಾಲುಗಳೂ ನಿಲ್ಲುತ್ತವೆ. ಪ್ರಾಕ್ಟಿಕಲ್ ಇಲ್ಲದೆ ಬೇಗ ಬಿಟ್ಟ ದಿನ ಅವಳು ಗೇಟಿನಾಚೆ ಬಂದರೆ ಎದುರಿನ ಹೋಟೆಲಿನ ಬೆಂಚಿನ ಮೇಲೆ ಅವನು ಆಗಲೇ ಕಾಫಿ ಮುಗಿಸಿರುತ್ತಾನೆ. ಅವನು ಮುಟ್ಟುವುದಿಲ್ಲ, ಬೈಯುವುದಿಲ್ಲ. ಅವನಿಗೆ ಎಲ್ಲ ಗೊತ್ತಿರುತ್ತದೆ, ಅಷ್ಟೇ.

“ನಿಮ್ಮ ತಲೆ ಭಾರಿ ಓಡ್ತೈತ್ರೀ” ಎಂದ ಹಿರಿಯೂರಿನವನು. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಲಿ ಎಂದು ನಾನು ಕಾದೆ. ಗೆಳತಿಯ ಮುಖವನ್ನೂ ನೋಡಿದೆ. ಅವಳು ಹುಲ್ಲು ಕೀಳುತ್ತಾ ಕೂತಿದ್ದಳು. ಯಾರೂ ಕೇಳಲಿಲ್ಲ.

ನಡೆದದ್ದು ಇಷ್ಟು. ನಮ್ಮದು ಹೊರಕೆರೆದೇವಪುರದ ಕಡೆಯ ಹಟ್ಟಿ. ನಾನು ಹೊಳಲ್ಕೆರೆಗೆ ಬಂದು ಅಲ್ಲಿಂದ ದುರ್ಗದ ಬಸ್ಸು ಹಿಡಿಯಬೇಕು. ಆ ಬಸ್ಸು ಹೊಸದುರ್ಗದಿಂದಲೇ ತುಂಬಿಕೊಂಡು ಬರುತ್ತಿತ್ತು. ಅದು ನಿಲ್ಲುವ ಮುಂಚೆಯೇ ಗಂಡಸರು ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುತ್ತಿದ್ದರು. ಟವಲ್ಲು ಬಿದ್ದ ಸೀಟನ್ನು ಬೇರೆಯವರು ಮುಟ್ಟುವುದಿಲ್ಲ. ಅಲ್ಲಿ ಕೂರುವವರು ಟವಲ್ಲಿನವನ ಮನೆಯವರೇ ಆಗಿರಬೇಕು, ಇದು ಯಾರೂ ಬರೆದಿಡದ ಕಾನೂನು. ಮೊದಲ ವರ್ಷದ ಆರಂಭದಲ್ಲಿ, ಒಂದು ಬೆಳಗ್ಗೆ ನಾನು ನೂಕುನುಗ್ಗಲಿನಲ್ಲಿ ಸಿಕ್ಕಿ ಒದ್ದಾಡುತ್ತಿದ್ದಾಗ, ಅಡಿಕೆ ಮಂಡಿಯ ಗುಮಾಸ್ತನೊಬ್ಬ ತನ್ನ ಟವಲ್ಲು ಎತ್ತಿ “ಕುಂತ್ಕಳವ್ವ” ಎಂದ. ಮೂವತ್ತರ ಸುಮಾರಿನವನು, ನಮ್ಮ ಜನವೇ. ಒಳ್ಳೆಯ ಮನುಷ್ಯ ಎಂದುಕೊಂಡು ಕೂತೆ. ನನ್ನ ಗೆಳತಿಯೂ ಪಕ್ಕದಲ್ಲಿ ಕೂತಳು. ನನ್ನ ಬದುಕಿನ ದೊಡ್ಡ ತಪ್ಪನ್ನು ನಾನು ಹೀಗೆ ಕೂತೇ ಮಾಡಿದೆ.

ಮಾರನೆಯ ದಿನವೂ ಟವಲ್ಲು ಇತ್ತು. ವಾರ ಕಳೆದರೂ ಇತ್ತು. ಬೇಡವೆಂದು ಒಂದು ದಿನ ನಿಂತೇ ಇದ್ದೆ. ಕಂಡಕ್ಟರು ಗದರಿದ. “ನಿಮ್ಮ ಮಾವಾರು ಸೀಟು ಹಿಡಿದವ್ರೆ, ಸುಮ್ಕೆ ಕುಂತ್ಕಂಡು ದಾರಿ ಬಿಡವ್ವ.” ಹಿಂದಿನ ಸೀಟಿನ ಹೆಂಗಸು, ಸೋದರಮಾವ ಅಂದ್ರೆ ಹಿಂಗಿರಬೇಕು ನೋಡು ಎಂದಳು. ಹೀಗೆ ಹತ್ತು ದಿನದಲ್ಲಿ ನನಗೊಬ್ಬ ಮಾವ ಹುಟ್ಟಿಕೊಂಡ. ನಮ್ಮಲ್ಲಿ ಸೋದರಮಾವ ಎಂದರೆ ಹೆಣ್ಣು ಕೇಳುವ ಹಕ್ಕಿದ್ದವನು. ಅವನು ಹಿಂದೆ ಬಂದರೆ ಯಾರಿಗೂ ತಪ್ಪು ಕಾಣುವುದಿಲ್ಲ. ಮೊದಲು ವಾರಕ್ಕೆ ಎರಡು ಸಲ ಮಂಡಿ ಕೆಲಸಕ್ಕೆಂದು ದುರ್ಗಕ್ಕೆ ಬರುತ್ತಿದ್ದವನು ಆಮೇಲೆ ದಿನವೂ ಬರತೊಡಗಿದ. ಬಸ್ಸಿನಿಂದ ಕಾಲೇಜಿನ ಗೇಟಿನವರೆಗೆ, ಗೇಟಿನಿಂದ ಬಸ್ಸಿನವರೆಗೆ, ಹತ್ತು ಹೆಜ್ಜೆ ಹಿಂದೆ. ಒಂದೂವರೆ ವರ್ಷ.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ಕೇಳುವವರಿಗೆ ನಮ್ಮ ಅಪ್ಪನ ವಿಷಯ ಗೊತ್ತಿಲ್ಲ. ಅಪ್ಪ ಕುರಿ ಸಾಕುವವರು. ನಮ್ಮ ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಅದಕ್ಕಾಗಿ ಅವರು ಊರವರ ಬಾಯಿಂದ ಬೇಕಾದಷ್ಟು ಕೇಳಿಸಿಕೊಂಡಿದ್ದರು. ಕಳಿಸುವ ದಿನ ಒಂದೇ ಮಾತು ಹೇಳಿದ್ದರು. “ನಿನ್ನ ಮ್ಯಾಲೆ ಒಂದು ಮಾತು ಬಂತು ಅಂದ್ರೆ ಅವತ್ತೇ ಕಡೆ, ಮಗಳೇ.” ಹೇಳಿದರೆ ಕಾಲೇಜು ಹೋಗುತ್ತದೆ, ಹೇಳದಿದ್ದರೆ ನನ್ನ ಜೀವ ಹೋಗುತ್ತದೆ, ನನ್ನ ಸ್ಥಿತಿ ಇಷ್ಟು.

ಹಾಗಾಗಿ ನಾನು ಆ ಮೂರು ನಿಮಿಷದ ರೀಲನ್ನು ನಂಬಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆದರೆ ನಂಬಿದ್ದು ನಿಜ. ಕಾಲೇಜ್ ಡೇ ದಿನ ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಇರುತ್ತಾರೆ. ಕೆಮಿಸ್ಟ್ರಿಯ ಮೇಡಂ ಇರುತ್ತಾರೆ. ಪರದೆಯ ಮೇಲೆ ಆ ಚಪ್ಪಲಿ ಕಾಲು ನೋಡಿದರೆ ಒಬ್ಬರಿಗಾದರೂ, ಇದು ಕತೆಯಲ್ಲ, ಈ ಹುಡುಗಿಯನ್ನು ಕರೆದು ಕೇಳೋಣ ಎನಿಸುತ್ತದೆ. ಕರೆದು ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ. ಅವರು ಅವನನ್ನು ಗದರಿಸಿ ಕಳಿಸುತ್ತಾರೆ, ಮನೆಯವರೆಗೆ ಸುದ್ದಿ ಹೋಗುವುದಿಲ್ಲ. ದಿನಾ ಬೆಳಗ್ಗೆ ಈ ಲೆಕ್ಕಾಚಾರವನ್ನೇ ಮಾಡುತ್ತಾ ಆ ಸೀಟಿನಲ್ಲಿ ಕೂತು ದುರ್ಗಕ್ಕೆ ಬರುತ್ತಿದ್ದೆ.

ಹುಡುಗಿಯ ಪಾತ್ರ ನನ್ನದೇ ಎಂದಾಯಿತು. ಹಿಂದೆ ಬರುವವನ ಪಾತ್ರಕ್ಕೆ ಯಾರು? ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗರಿಬ್ಬರೂ ಗೆದ್ದವರಂತೆ ಬೇವಿನ ಮರದ ಕೆಳಗೆ ಬಂದರು. ಅವರ ಜೊತೆ ಅವನಿದ್ದ. ಹೆಗಲ ಮೇಲೆ ಅದೇ ಟವಲ್ಲು. ನನಗೆ ಕೈ ಮುಗಿದ.

“ನಿಮ್ಮ ಮಾವಾರಂತೆ, ಹೇಳೇ ಇರಲಿಲ್ವಲ್ರೀ” ಎಂದ ಸ್ಟುಡಿಯೋ ಹುಡುಗ. ನಡೆದಿದ್ದೇನೆಂದರೆ, ಅವನು ಹೋಟೆಲಿನ ಮುಂದೆ ಇವರನ್ನು ನಿಲ್ಲಿಸಿ, ನಮ್ಮ ಹುಡುಗಿ ಜೊತೆ ಮರದ ಕೆಳಗೆ ಏನು ಮಾತು ಎಂದು ಕೇಳಿದ್ದನಂತೆ. ಇವರು ಹೆದರಿ ಟ್ರೈಲರಿನ ಕತೆ ಪೂರ್ತಿ ಒಪ್ಪಿಸಿದ್ದರು. ಅವನು ನಕ್ಕು, ಹಂಗಾದ್ರೆ ನಾನೇ ಮಾಡ್ತೀನಿ ಬಿಡ್ರಿ ಎಂದಿದ್ದ. “ನಡಿಗೆ ನೋಡ್ರಿ ಇವರದು, ನೀವು ಬರೆದಂಗೇ ಐತೆ” ಎಂದು ಹಿರಿಯೂರಿನವನು ಹಿಗ್ಗಿದ.

ಅವತ್ತೇ ನಾನು ಒಲ್ಲೆ ಎನ್ನಬೇಕಿತ್ತು. ಯಾಕೆ ಎಂದು ಕೇಳುತ್ತಾರೆ, ಹೇಳಿದರೆ ಅದು ಸಂಜೆಯೊಳಗೆ ಹೊಳಲ್ಕೆರೆ ತಲುಪುತ್ತದೆ. ಹೂಂ ಎಂದೆ.

ಟ್ರೈಲರಿನ ಕೊನೆಯ ತುಣುಕಿಗೆಂದು ಶನಿವಾರ ದುರ್ಗದ ಕೋಟೆಗೆ ಹೋದೆವು. ಗೆಳತಿಗೆ ಅವತ್ತು ಮನೆಯಲ್ಲಿ ಪೂಜೆ, ಬಂದಿರಲಿಲ್ಲ. ಎರಡನೇ ಬಾಗಿಲು ದಾಟಿ ಕಲ್ಲುಹಾದಿ ತಿರುಗುವ ಕಡೆ ಕ್ಯಾಮೆರಾ ಇಟ್ಟರು. ಶುರು ಎಂದರು. ನಾನು ನಡೆದೆ. ಹಿಂದೆ ಆ ಚಪ್ಪಲಿ ಸದ್ದು ಶುರುವಾಯಿತು. ಸುತ್ತ ಕಲ್ಲಿನ ಗೋಡೆ, ಬಸ್ಸಿನಷ್ಟು ಜನವೂ ಇಲ್ಲಿಲ್ಲ. ನನಗೆ ನಟಿಸುವ ಪ್ರಮೇಯವೇ ಬರಲಿಲ್ಲ. ತಿರುವಿನಲ್ಲಿ ಹೆದರಿ ಓಡಬೇಕು ಎಂದು ಬರೆದವಳು ನಾನೇ. ಆದರೆ ಅಲ್ಲಿಗೆ ಬಂದಾಗ ಓಡಲು ಆಗಲಿಲ್ಲ. ತಿರುಗಿ ನಿಂತೆ.

“ನೀನು ನನ್ನ ಮಾವ ಅಲ್ಲ. ನನ್ನ ಹಿಂದೆ ಬರಬ್ಯಾಡ. ಒಂದೂವರೆ ವರ್ಷದಿಂದ ನಿನ್ನ ಹೆದರಿಕೆಗೆ ಅನ್ನ ಸೇರ್ತಿಲ್ಲ ನಂಗೆ. ಬರಬ್ಯಾಡ.”

ಇದನ್ನು ಗಂಟಲು ಹರಿಯುವಂತೆ ಹೇಳಿದೆ. ಅವನು ಮಗುವಿನ ಹಟ ನೋಡುವವನ ಹಾಗೆ ನಗುತ್ತಾ ನಿಂತಿದ್ದ. ರೀಲು ಮುಗಿಯುವವರೆಗೂ ಕ್ಯಾಮೆರಾ ಓಡಿತು.

“ಭಾರಿ ಬಂತ್ರೀ” ಎಂದ ಸ್ಟುಡಿಯೋ ಹುಡುಗ, ಕ್ಯಾಮೆರಾ ಇಳಿಸುತ್ತಾ.

ಇದು ಪಾರ್ಟು ಅಲ್ಲ, ಇವನು ನನಗೆ ಏನೂ ಆಗಬೇಕಿಲ್ಲ, ನಿಜವಾಗಿ ಹಿಂದೆ ಬೀಳುತ್ತಾನೆ ಎಂದು ಇಬ್ಬರಿಗೂ ಹೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಹಿರಿಯೂರಿನವನು ಮೆಲ್ಲಗೆ ಕೇಳಿದ. “ಮತ್ತೆ ದಿನಾ ಅವರು ಹಿಡಿದ ಸೀಟಿನಾಗೇ ಕುಂತು ಬರ್ತೀರಂತಲ್ರೀ?”

ಒಬ್ಬಳೇ ಕೋಟೆ ಇಳಿದೆ. ಅವನೂ ಇಳಿದ.

ಮರುದಿನ ಭಾನುವಾರ ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು, ಎಲೆ ಅಡಿಕೆ ಬಾಳೆಹಣ್ಣಿನೊಂದಿಗೆ ನಮ್ಮ ಮನೆಗೇ ಬಂದ. ನಾನು ಒಳಗೆ ರಾಗಿ ಕೇರುತ್ತಿದ್ದೆ. ಒಂದೂವರೆ ವರ್ಷ ನಿಮ್ಮ ಮಗಳನ್ನು ಜೋಪಾನ ಮಾಡಿದ್ದಾನೆ, ಇಡೀ ಬಸ್ಸೇ ಸಾಕ್ಷಿ ಎಂದು ಹಿರಿಯರಲ್ಲೊಬ್ಬರು ಹೇಳುವುದು ಕೇಳಿಸಿತು. ಅಪ್ಪ ಎದ್ದು ಒಳಗೆ ಬಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅವನು ಹಿಡಿದ ಸೀಟಿನಾಗೆ ಕುಂತಿದ್ದು ದಿಟಾನಾ?”

“ಹೂಂ” ಎಂದೆ.

ಮುಂದೆ ಏನಾದರೂ ಕೇಳುತ್ತಾರೆ ಎಂದು ತಲೆಯೆತ್ತುವಷ್ಟರಲ್ಲಿ ಅವರು ಹೊರಗೆ ಹೋಗಿದ್ದರು. “ಹೆಣ್ಣು ಕೊಡಲ್ಲ, ಎದ್ದು ಹೋಗ್ರಿ” ಎಂದರು. ಆ ಕ್ಷಣ ನಾನು ಗೆದ್ದೆ ಎಂದುಕೊಂಡೆ, ಸಂತೋಷಕ್ಕೆ ಅಳುವೇ ಬಂತು. ಬಂದವರು ಹಟ್ಟಿ ದಾಟಿದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು, ನಾಳೆಯಿಂದ ಕಾಲೇಜು ಬ್ಯಾಡ ಎಂದರು.

ಕಾಲು ಹಿಡಿದುಕೊಂಡೆ. ನನ್ನ ತಪ್ಪೇನು ಹೇಳು ಎಂದು ಕೂಗಾಡಿದೆ. ಅಪ್ಪ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಜಗಳವಾದರೂ ಆಡುತ್ತಿದ್ದೆ.

“ನಿನ್ನ ತಪ್ಪಿಲ್ಲ ಅಂತ ನಂಗೊತ್ತೈತೆ” ಎಂದರು. “ಬಸ್ಸಿಗೆ ಗೊತ್ತಿಲ್ವಲ್ಲವ್ವ.”

ಎರಡು ದಿನ ನಾನು ಊಟ ಮಾಡಲಿಲ್ಲ. ಅವರೂ ಮಾಡಲಿಲ್ಲ, ಅವ್ವ ಇಬ್ಬರಿಗೂ ಬೈದಳು. ಯುಗಾದಿಯ ಹೊತ್ತಿಗೆ ಹೊಸದುರ್ಗದ ಕಡೆ ಒಂದು ಗಂಡು ನೋಡಿ ಮಾತು ಮುಗಿಸಿದರು. ನನ್ನ ಬಾಟನಿ ರೆಕಾರ್ಡಿನಲ್ಲಿ ಇನ್ನೂ ಅರ್ಧ ಹಾಳೆಗಳು ಖಾಲಿ ಇದ್ದವು. ತಂಗಿ ಅದರಲ್ಲಿ ಲೆಕ್ಕ ಮಾಡಲು ಶುರುಮಾಡಿದಳು.

ಸುದ್ದಿ ಕೇಳಿ ಏಪ್ರಿಲ್‌ನಲ್ಲಿ ಗೆಳತಿ ನೋಡಲು ಬಂದಳು. ಅಂಗಳದ ಚಪ್ಪರದ ಕೆಳಗೆ ಅಪ್ಪ ಉಣ್ಣೆ ನೂಲುತ್ತಾ ಕೂತಿದ್ದರು, ನಾವು ಜಗಲಿಯ ಮೇಲೆ. ಅವಳು ಟ್ರೈಲರಿನ ಮಾತು ತೆಗೆದಳು. ರೀಲು ಬೊಂಬಾಯಿಗೆ ಹೋಗಿ ತೊಳೆದು ಬಂತಂತೆ. ಕಾಲೇಜ್ ಡೇ ದಿನ ಹಿರಿಯೂರಿನವನು ದಪ್ಪ ಅಕ್ಷರದಲ್ಲಿ ಬೋರ್ಡು ಬರೆದು, ಪರದೆಯ ಪಕ್ಕ ನಿಂತು ನಡುನಡುವೆ ಎತ್ತಿ ತೋರಿಸಿದನಂತೆ. ಕಲ್ಲುಹಾದಿಯಲ್ಲಿ ನಾನು ತಿರುಗಿದಾಗ ಪರದೆಯ ತುಂಬ ನನ್ನ ಮುಖ, ಬಾಯಿ ತೆರೆಯುತ್ತೆ, ಮುಚ್ಚುತ್ತೆ. ಅದರ ಬೆನ್ನಿಗೇ ಬೋರ್ಡು: ‘ಪ್ರೀತಿಯೋ? ಪಿಶಾಚಿಯೋ?’

“ಲವ್ ಡೈಲಾಗ್ ಅಂತ ಹಾಲೆಲ್ಲ ಶಿಳ್ಳೆ ಕಣೇ” ಎಂದಳು. ಆಮೇಲೆ ತಲೆ ತಗ್ಗಿಸಿ, “ನಾನೂ ನಕ್ಕೆ. ಮನೇಲಿ ಗೊತ್ತುಮಾಡಿರೋ ಗಂಡು, ನಾಚಿಕೆಗೆ ನಂಗೆ ಹೇಳಿಲ್ಲ ಅಂತಲೇ ಅಂದ್ಕಂಡಿದ್ದೆ. ಅಲ್ಲಿ ಏನಂದಿದ್ದೆ ಅವನಿಗೆ?” ಎಂದು ಕೇಳಿದಳು.

ಒಂದಕ್ಷರ ಬಿಡದೆ ಹೇಳಿದೆ. ಮೆಲ್ಲಗೆ ಹೇಳುವ ಮನಸ್ಸಾಗಲಿಲ್ಲ, ಕೋಟೆಯಲ್ಲಿ ಹೇಳಿದಷ್ಟೇ ಜೋರಾಗಿ ಹೇಳಿದೆ.

ಅಪ್ಪನ ಕೈಯಲ್ಲಿ ಕದಿರು ನಿಂತಿತು. “ಅವನ ಮಕದ ಮುಂದೇ ಹಿಂಗಂದ್ಯಾ?”

“ಹೂಂ.”

“ಎಲ್ಲರೂ ಇರುವಾಗ?”

“ಹೂಂ.”

“ಅವತ್ತೇ ಯಾಕವ್ವ ನಂಗೆ ಹೇಳಲಿಲ್ಲ?”

“ನೀನು ಕೇಳಿದ್ದು ಕುಂತಿದ್ದು ದಿಟಾನಾ ಅಂತ ಅದೊಂದೇ ಅಲ್ವೇನಪ್ಪ.”

ಅಪ್ಪ ಕದಿರು ಕೆಳಗಿಟ್ಟು ಎದ್ದರು. ಗೂಟದಲ್ಲಿದ್ದ ಅಂಗಿ ತೆಗೆದು ತೊಟ್ಟುಕೊಂಡರು, ರುಮಾಲು ಸುತ್ತಿಕೊಂಡರು.

“ಏಳು, ಪುಸ್ತಕ ತಗಾ. ಕಾಲೇಜಿಗೆ ಹೋಗಾಣ” ಎಂದರು. “ನಾನೇ ದಿನಾ ನಿನ್ನ ಜತೆ ಬಸ್ಸಿನಾಗೆ ನಿಂತ್ಕಂಡು ಬರ್ತೀನಿ.”

ಗೆಳತಿಯೇ ಹೇಳಿದಳು.

“ಪರೀಕ್ಷೆ ಮುಗಿದು ನಾಕು ದಿನ ಆತು, ದೊಡ್ಡಪ್ಪ.”