ಬಟ್ಟೆಯ ಜಿಂಕೆ ಹಿಡಿದು ಕೂತ ಡಾಕ್ಟರಮ್ಮ

ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ಬಿಡದ ಡಾಕ್ಟರ್ ಕಸ್ತೂರಿ ಜಿಂಕೆ ಬೇಟೆಗೆ ಹೋದರೆಂದರೆ ಬ್ರಿಸ್ಬೇನಿನ ಟೂವಾಂಗ್ ಬಡಾವಣೆಯ ಕನ್ನಡದವರು ಇವತ್ತಿಗೂ ನಂಬುವುದಿಲ್ಲ. ಕಸ್ತೂರಿಗೇ ನಂಬಿಕೆ ಬಂದಿಲ್ಲ, ಇನ್ನು ಅವರದ್ದೇನು ತಪ್ಪು?

ದಾವಣಗೆರೆಯಿಂದ ಪರ್ತ್‌ಗೆ ಬಂದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಕೊನೆಗೆ ಬ್ರಿಸ್ಬೇನಿನ ಒಂದು ಕ್ಲಿನಿಕ್ಕಿನಲ್ಲಿ ನೆಲೆ ನಿಂತವರು ಅವರು. ಆ ಗಡಿಬಿಡಿಯಲ್ಲಿ ಮಗ ಕೌಸ್ತುಭ್ ಯಾವಾಗ ಬೆಳೆದ, ಯಾವಾಗ ಬಂದೂಕಿನ ಲೈಸೆನ್ಸ್ ತೆಗೆದುಕೊಂಡ, ಒಂದೂ ಗೊತ್ತಾಗಲಿಲ್ಲ. ಈಗ ಅವನಿಗೆ ಅಡಿಲೇಡಿನಲ್ಲಿ ಕೆಲಸ. ಹೋಗುವ ಮುಂಚೆ ಒಂದು ದಿನವಾದರೂ ಅವನ ಜೊತೆ ಕಳೆಯಬೇಕೆಂದು ಸಿನಿಮಾ, ಬೀಚು, ಮಸಾಲೆ ದೋಸೆ ಎಲ್ಲದರ ಆಸೆ ತೋರಿಸಿದರು. ಅವನು ಜಗ್ಗಲಿಲ್ಲ. ಅಷ್ಟರಲ್ಲಿ ಅವನ ಬೇಟೆಯ ಜೊತೆಗಾರ ಸುಹಾಸನ ಕಾಲು ಉಳುಕಿತು.

"ಅಮ್ಮ, ಸ್ಯಾಟರ್ಡೇ ಫ್ರೀ ಇದ್ದೀಯಾ? ಡಿಕಾಯ್ ಹಿಡ್ಕೊಂಡು ಕೂರೋಕೆ ಒಬ್ರು ಬೇಕು."

ಕಸ್ತೂರಿ ಹೂಂ ಅಂದುಬಿಟ್ಟರು. ಡಿಕಾಯ್ ಎಂದರೇನೆಂದು ಕೇಳಿದ್ದು ಕಾರು ಹತ್ತಿದ ಮೇಲೆ.

ಅದು ಬಟ್ಟೆಯ ಮೇಲೆ ಅಚ್ಚು ಹಾಕಿದ ಹೆಣ್ಣು ಜಿಂಕೆ, ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಏಪ್ರಿಲ್ ಬಂತೆಂದರೆ ಗಂಡುಗಳು ಹೆಣ್ಣಿಗಾಗಿ ಕೂಗಾಡುತ್ತ ತಿರುಗುತ್ತವಂತೆ. ಕಾಡು ಮುಟ್ಟಿದ ಮೇಲೆ ಕೌಸ್ತುಭ್ ಒಂದು ಚಿಟಿಕೆ ಪುಡಿ ತೂರಿ ಗಾಳಿಯ ದಿಕ್ಕು ನೋಡಿದ. ತಾನು ಮುಂದೆ ಒಂದು ಪಕ್ಕಕ್ಕೆ ಅಡಗಿದ, ಅಮ್ಮನನ್ನು ಹಿಂದೆ ದೊಡ್ಡ ಮರದ ಮರೆಯಲ್ಲಿ ಕೂರಿಸಿದ. ಗಂಡಿನ ಕಣ್ಣೆಲ್ಲ ಬಟ್ಟೆಯ ಮೇಲಿರುವಾಗ ಅದು ಅವನೆದುರು ಹಾಯಬೇಕು, ಆಗ ಗುಂಡು.

"ಪೂರ್ತಿ ತೋರಿಸ್ಬೇಡ. ಸ್ವಲ್ಪ ತೋರ್ಸು, ಸ್ವಲ್ಪ ಅಲ್ಲಾಡ್ಸು, ಮರೆ ಮಾಡು. ಮರ ಬಿಟ್ಟು ಮಾತ್ರ ಕದಲ್ಬೇಡ."

ಜಿಂಕೆ ಬರಲಿ ಎಂದುಕೊಳ್ಳಬೇಕೋ ಬರದಿರಲಿ ಎಂದುಕೊಳ್ಳಬೇಕೋ ಕಸ್ತೂರಿಗೆ ತಿಳಿಯಲಿಲ್ಲ. ಬಂದರೆ ಒಂದು ಜೀವ ಹೋಗುತ್ತದೆ. ಬರದಿದ್ದರೆ ಮಗ ಇನ್ನೊಮ್ಮೆ ಕರೆಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸಾಲದ್ದಕ್ಕೆ ಆ ಮರದ ಹಿಂದಿನಿಂದ ಮಗ ಕಾಣುತ್ತಲೂ ಇರಲಿಲ್ಲ. ಇಷ್ಟು ದೂರ ಬಂದದ್ದು ಮರ ನೋಡುವುದಕ್ಕೇ? ಅವನ ಕಿತ್ತಳೆ ಬಣ್ಣದ ಟೋಪಿ ಕಾಣುವತನಕ ಬಟ್ಟೆಯ ಸಮೇತ ಪಕ್ಕಕ್ಕೆ ಸರಿದರು.

ಗಂಡು ಬಂತು. ಕವಲೊಡೆದ ಕೊಂಬು, ಮೈಯೆಲ್ಲ ಕೆಸರು. ಕಸ್ತೂರಿಯ ಕೈ ತನ್ನಷ್ಟಕ್ಕೆ ಬಟ್ಟೆಯನ್ನು ತುಸು ತೋರಿಸಿತು, ತುಸು ಮರೆಸಿತು. ಜಿಂಕೆ ಅವರತ್ತಲೇ ತಿರುಗಿ, ತಾಯಿ ಮಗನ ನಡುವೆ ಬಂದು ನಿಂತಿತು. ಕೌಸ್ತುಭ್ ಬಂದೂಕು ಎತ್ತಿದ. ಆಮೇಲೆ ಮೆಲ್ಲಗೆ ಇಳಿಸಿದ. ಜಿಂಕೆ ಮೂಸಿ ನೋಡಿ, ಮೋಸ ತಿಳಿದು, ಓಡಿಹೋಯಿತು.

ನನ್ನ ಮಗನಿಗೆ ಕರುಣೆ ಹುಟ್ಟಿತು ಎಂದು ಕಸ್ತೂರಿಯ ಎದೆ ತುಂಬಿ ಬಂತು. ಆದರೆ ಹತ್ತಿರ ಬಂದವನ ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಜಿಂಕೆ ಹಿಂದೆ ನೀನಿದ್ದೆ. ಹೊಡ್ದಿದ್ರೆ... ಮರ ಬಿಟ್ಟು ಯಾಕೆ ಬಂದೆ?"

"ನೀನು ಕಾಣ್ತಿರ್ಲಿಲ್ಲ ಕಣೋ."

ಅವನು ಬಂದೂಕಿನಿಂದ ಗುಂಡು ತೆಗೆದು ಪಕ್ಕದಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ. ಈಗ ಬಯ್ಯುತ್ತಾನೆ, ಇದೇ ಕೊನೆ ಎಂದು ಕಸ್ತೂರಿ ತಲೆ ತಗ್ಗಿಸಿದರು.

"ಮುಂದಿನ್ಸಲ ಅದನ್ನ ಒಂದು ಕೋಲಿಗೆ ಕಟ್ಬಿಡ್ತೀನಿ," ಅಂದ ಬಟ್ಟೆಯ ಜಿಂಕೆಯನ್ನು ಮಡಚುತ್ತ. "ನೀನು ನನ್ ಪಕ್ಕದಲ್ಲೇ ಕೂತ್ಕೋ."

ಅಳಬೇಕೋ ನಗಬೇಕೋ ಕಸ್ತೂರಿಗೆ ತಿಳಿಯಲಿಲ್ಲ.

"ಅಡಿಲೇಡ್ ಕಡೆ ಜಿಂಕೆ ಇದ್ಯೇನೋ?" ಎಂದು ಕೇಳಿದರು.