ನೂರು ಕೇಳಿದರೆ ಐವತ್ತು ಸಾಕು ಅಂದ ಅತ್ತೆ

ಗೆಳೆಯರೇ, ಇವತ್ತು ನನ್ನ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದವರು ನಮ್ಮ ಅತ್ತೆಯೇ.

ನಲ್ಲೂರಿನಲ್ಲಿ ನಾವಿಬ್ಬರೂ ಸೇರಿ ಅಡಿಕೆ ಹಾಳೆಯ ಊಟದ ತಟ್ಟೆ ಮಾಡುತ್ತೇವೆ. ಬೆಳಿಗ್ಗೆ ಚನ್ನಗಿರಿ ಸಂತೆಯಲ್ಲಿ ಮಾರಲು ಕೂತಿದ್ದೆವು. ಒಬ್ಬ ಹೆಂಗಸು, ಅಡಿಕೆ ಸುಲಿಯಲು ಬರುವವರ ವಾರದ ಊಟಕ್ಕೆಂದು ನೂರು ತಟ್ಟೆ ಕೇಳಿದರು.

"ಉಂಡಮೇಲೆ ಎಸೆದುಬಿಡ್ರಿ, ಮಣ್ಣಾಗಿ ಹೋಗ್ತೈತೆ" ಎಂದೆ.

ಅತ್ತೆ ನಡುವೆ ಬಾಯಿ ಹಾಕಿದರು. "ಯಾಕವ್ವ ಎಸೀತೀಯ? ತೊಳೆದು ಬಿಸಿಲಿಗೆ ಒಣಗಿಸಿದ್ರೆ ಇನ್ನೊಂದ್ ಸಲ ಉಣ್ಣಾಕೆ ಬರ್ತೈತೆ. ಐವತ್ತು ಸಾಕು."

ಅವರು ಐವತ್ತೇ ಒಯ್ದರು.

"ಹಿಂಗಂದ್ರೆ ಯಾಪಾರ ಹೆಂಗ್ ಬೆಳೀತೈತ್ರಿ, ಅತ್ತೆ?" ಎಂದು ಸಿಡುಕಿದೆ.

"ಬೋರ್ಡಲ್ಲಿ ಪರಿಸರ ಉಳಿಸಿ ಅಂತ ಬರೆಸಿದೀಯಲ್ಲ, ಅದು ಬರೀ ಓದಾಕಾ?"

ನಾನು ಉಳಿದ ತಟ್ಟೆಗಳನ್ನು ಮತ್ತೆ ಜೋಡಿಸತೊಡಗಿದೆ.

ಮಧ್ಯಾಹ್ನ ಗಂಟು ಕಟ್ಟುವ ಹೊತ್ತಿಗೆ ಅದೇ ಹೆಂಗಸು ತಂಗಿಯನ್ನು ಕರೆದುಕೊಂಡು ಬಂದರು. ತಂಗಿಯ ಮನೆಯ ಗೃಹಪ್ರವೇಶಕ್ಕೆ ಮುನ್ನೂರು ತಟ್ಟೆ ಬೇಕಂತೆ. "ಮಾರೋರೇ ಕಡಿಮೆ ಒಯ್ಯಿ ಅಂದಮೇಲೆ ಮಾಲು ಗಟ್ಟಿ ಇರ್ಬೇಕು ಅಂದ್ಲು ನಮ್ಮಕ್ಕ" ಎಂದರು ಆಕೆ. ಅತ್ತೆಯ ಕೈ ಹಿಡಿದುಕೊಂಡು ನಕ್ಕುಬಿಟ್ಟೆ.

ಇದೇ ತಟ್ಟೆಗೆಂದು ಮೂರು ದಿನ ಒದ್ದಾಡಿ ನಾನೊಂದು ರೀಲ್ ಮಾಡಿದ್ದೆ. ಅದಕ್ಕೆ ಈವರೆಗೆ ಬಂದಿರುವ ಲೈಕ್ ಒಂದೇ, ನಮ್ಮತ್ತೆಯದು. ಅದೂ ಬೆರಳು ತಾಗಿ ಬಿತ್ತಂತೆ.